ಬಾಗಿಲು ತೆರೆಯುವ ಮುಂಚೆ

ಕಳೆದ ಮಳೆಗಾಲದಲ್ಲಿ ನಾಗರಭಾವಿಯ ನಮ್ಮ ಎಡಿಟಿಂಗ್ ರೂಮಿನಲ್ಲಿ ಒಂದು ಸಸ್ಪೆನ್ಸ್ ಸಿನಿಮಾದ ರಫ್ ಕಟ್, ಅಂದರೆ ಕರಡು ಎಡಿಟಿಂಗ್, ನಡೆಯುತ್ತಿತ್ತು. ಸೀನ್ ಇಷ್ಟೇ. ಓನರ್ ಇಲ್ಲದ ಹೊತ್ತಲ್ಲಿ ಹುಡುಗಿ ಅವನ ರೂಮಿಗೆ ನುಗ್ಗಿ ಬೀರು ಹುಡುಕುತ್ತಾಳೆ. ಅಷ್ಟರಲ್ಲಿ ಅವನು ವಾಪಸ್ ಬರುತ್ತಾನೆ.

"ಬಾಗಿಲು ದಢಾರ್ ಅಂತ ತೆರೀಲಿ ಸರ್, ಮ್ಯೂಸಿಕ್ ಜೋರಾಗಿರಲಿ. ಜನ ಬೆಚ್ಚಿ ಬೀಳಬೇಕು" ಅಂದರು ನಿರ್ದೇಶಕರು.

"ಬೆಚ್ಚಿ ಬೀಳೋದು ಒಂದು ಕ್ಷಣ ಸರ್. ಅದಕ್ಕೂ ಮುಂಚೆ ಉಸಿರು ಬಿಗಿ ಹಿಡಿಯಬೇಕಲ್ವಾ?" ಅಂದೆ.

ನನಗೆ ಆಗ ನೆನಪಾಗಿದ್ದು ಜಾರ್ಜ್ ಟೊಮಸಿನಿ. ಸಸ್ಪೆನ್ಸ್ ಸಿನಿಮಾಗಳಿಗೆ ಹೆಸರಾದ ನಿರ್ದೇಶಕ ಹಿಚ್‌ಕಾಕ್ ಅವರ 1954ರ 'ರಿಯರ್ ವಿಂಡೋ', 1960ರ 'ಸೈಕೋ' ಎಡಿಟ್ ಮಾಡಿದವರು. 'ರಿಯರ್ ವಿಂಡೋ'ದಲ್ಲೂ ನಾಯಕಿ ಎದುರು ಮನೆಗೆ ನುಗ್ಗುತ್ತಾಳೆ, ಆ ಮನೆಯವನು ಬಂದುಬಿಡುತ್ತಾನೆ. ಕಾಲು ಮುರಿದುಕೊಂಡ ನಾಯಕ ಈಚೆ ಕಿಟಕಿಯಲ್ಲಿ ಕೂತು ನೋಡಬೇಕು ಅಷ್ಟೇ. ಒಮ್ಮೆ ಅವನ ಮುಖ, ಒಮ್ಮೆ ಎದುರು ಕಿಟಕಿ. ನಾವೂ ಅವನ ಜೊತೆ ಕುರ್ಚಿಯಲ್ಲೇ ಸಿಕ್ಕಿಬೀಳುತ್ತೇವೆ. ಇಂಥ ಕೆಲಸ ಮಾಡಿದವರು ಆಸ್ಕರ್‌ಗೆ ನಾಮಿನೇಟ್ ಆಗಿದ್ದು ಒಂದೇ ಸಲ, 'ನಾರ್ತ್ ಬೈ ನಾರ್ತ್‌ವೆಸ್ಟ್'ಗೆ. 1964ರಲ್ಲಿ ತೀರಿಕೊಂಡರು. ಸಿನಿಮಾ ಹುಚ್ಚಿರುವವರಿಗೂ ಅವರ ಹೆಸರು ಗೊತ್ತಿರಲ್ಲ ಅನ್ನೋದು ನನಗೆ ನಿಜಕ್ಕೂ ಬೇಜಾರು.

ಓನರ್ ಗೇಟು ತೆರೆಯುವ ಶಾಟ್ ಒಂದನ್ನು ಮೊದಲೇ ಇಟ್ಟೆ. ಆಮೇಲೆ ಅವನನ್ನು ತೋರಿಸಲೇ ಇಲ್ಲ. ಮೆಟ್ಟಿಲ ಮೇಲೆ ಅವನ ಚಪ್ಪಲಿ ಸದ್ದು ಮಾತ್ರ. ಇಂಥ ಕಡೆ ಶಾಟ್‌ಗಳನ್ನು ಚಿಕ್ಕದು ಮಾಡುತ್ತಾ ಹೋಗೋದು ರೂಢಿ. ನಾನು ಹುಡುಗಿಯ ಶಾಟ್‌ಗಳನ್ನು ಉದ್ದ ಬಿಟ್ಟೆ. ಬೀರುವಿನ ಕೀಲಿ ತಿರುಗುತ್ತಿಲ್ಲ. ಅವಳು ಕೈ ಒರೆಸಿಕೊಂಡು ಮತ್ತೆ ತಿರುಗಿಸುತ್ತಾಳೆ. ಸೆಟ್ಟಿನಲ್ಲಿ ಆ ನಟಿ ತಾನಾಗೇ ಮಾಡಿದ್ದು ಅದು, ಸ್ಕ್ರಿಪ್ಟಿನಲ್ಲಿ ಇರಲಿಲ್ಲ. ಮೊದಲ ಕಟ್‌ನಲ್ಲಿ ಹಾರಿಹೋಗಿತ್ತು. ಅದನ್ನು ಪೂರ್ತಿ ವಾಪಸ್ ತಂದೆ. ಚಪ್ಪಲಿ ಸದ್ದು ಹತ್ತಿರ ಬಂದಾಗ ಪಕ್ಕದ ಮನೆಯ ಕುಕ್ಕರ್ ವಿಷಲ್ ಸದ್ದು ಸೇರಿಸಿದೆ. ಚಪ್ಪಲಿ ಸದ್ದು ಅದರಲ್ಲಿ ಮುಳುಗುತ್ತದೆ. ಅವಳಿಗೆ ಕೇಳಿಸಲ್ಲ, ಆದರೆ ಅವನು ಬರುತ್ತಿದ್ದಾನೆ ಅಂತ ನಮಗೆ ಗೊತ್ತು. ವಿಷಲ್ ನಿಂತ ಮೇಲೆ ಅವಳ ಮುಖದ ಮೇಲೆ ಇನ್ನೂ 24 ಫ್ರೇಮ್, ಅಂದರೆ ಒಂದು ಸೆಕೆಂಡ್. ಅಷ್ಟರಲ್ಲಿ ಚಪ್ಪಲಿ ಸದ್ದೂ ಇಲ್ಲ. ಅವನು ಬಾಗಿಲಿಗೆ ಬಂದು ನಿಂತಿದ್ದಾನೆ.

ಹಾಕಿ ತೋರಿಸಿದೆ. ನಿರ್ದೇಶಕರು ಕುರ್ಚಿಯ ತುದಿಗೆ ಬಂದಿದ್ದರು. "ಇನ್ನೊಂದು ಸಲ ಹಾಕಿ" ಅಂದರು. ನೋಡಿದ ಮೇಲೆ ಸಂಗೀತ ನಿರ್ದೇಶಕರಿಗೆ ಫೋನ್ ಹಚ್ಚಿದರು. "ಬೀರು ಸೀನಿಗೆ ಏನೂ ಬಾರಿಸಬೇಡಿ ಸರ್, ಹಾಗೇ ಬಿಡಿ."