ಎಡಗೈಗೆ ವೀಲ್ ಬೇಕಾ, ಜಾಯ್‌ಸ್ಟಿಕ್ ಬೇಕಾ?

ಹೊಸ ಸಿಂತ್ (ಸಿಂಥಸೈಜರ್, ಅಂದ್ರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸೋ ಕೀಬೋರ್ಡ್) ಕಂಡ್ರೆ ನಾನು ಮೊದ್ಲು ನೋಡೋದು ಕೀಗಳ ಎಡಗಡೆ ಏನಿದೆ ಅಂತ. ಸೌಂಡು, ಒಟ್ಟಿಗೆ ಎಷ್ಟು ಸ್ವರ ಬರತ್ತೆ, ಅದೆಲ್ಲ ಆಮೇಲೆ. ಲೀಡ್, ಅಂದ್ರೆ ಮುಖ್ಯ ರಾಗದ ಸಾಲು ನುಡಿಸೋವಾಗ ಬಲಗೈ ಸ್ವರ ಹಿಡಿಯತ್ತೆ, ಆದ್ರೆ ಆ ಸ್ವರ ಹಾಡೋ ಹಾಗೆ ಮಾಡೋದು ಎಡಗೈ. 1928ರಲ್ಲಿ ಬಂದ ಓಂಡ್ ಮಾರ್ತೆನೋ ವಾದ್ಯದಲ್ಲೇ ಈ ವಿಷ್ಯ ಇದೆ, ಅದ್ರಲ್ಲಿ ಎಡಗೈ ಹತ್ರ ಒಂದು ಗುಂಡಿ, ಅದನ್ನ ಒತ್ತೋ ತನಕ ಸದ್ದೇ ಬರಲ್ಲ, ಎಷ್ಟು ಆಳಕ್ಕೆ ಒತ್ತಿದ್ರೆ ಅಷ್ಟು ಜೋರು. ಎಡಗೈಗೆ ಇಷ್ಟು ಮರ್ಯಾದೆ ಕೊಟ್ಟ ವಾದ್ಯ ಕಮ್ಮಿ.

1970ರ ಮಿನಿಮೂಗ್ ಸಿಂತ್‌ನಿಂದ ಎರಡು ವೀಲ್ (ಬೆರಳಲ್ಲಿ ತಿರುಗಿಸೋ ಚಕ್ರ) ಪಕ್ಕಪಕ್ಕ ಇಡೋದು ರೂಢಿ ಆಯ್ತು, ಒಂದು ಪಿಚ್‌ಗೆ, ಅಂದ್ರೆ ಸ್ವರನ ಮೇಲೆ ಕೆಳಗೆ ಬಾಗಿಸೋಕೆ, ಇನ್ನೊಂದು ಮಾಡ್ಯುಲೇಷನ್‌ಗೆ, ಅಂದ್ರೆ ವೈಬ್ರೇಟೋ (ಸ್ವರದ ನಡುಕ) ಥರದ ಬದಲಾವಣೆ ಸೇರಿಸೋಕೆ. ಕೋರ್ಗ್ ಕಂಪನಿಯೋರು ಎರಡನ್ನೂ ಒಂದೇ ಜಾಯ್‌ಸ್ಟಿಕ್‌ಗೆ ಹಾಕಿದ್ರು, ರೋಲ್ಯಾಂಡ್‌ನಲ್ಲಿ ಒಂದು ಲಿವರ್, ಅಕ್ಕಪಕ್ಕ ತಳ್ಳಿದ್ರೆ ಪಿಚ್ ಬಾಗತ್ತೆ, ಮುಂದಕ್ಕೆ ತಳ್ಳಿದ್ರೆ ವೈಬ್ರೇಟೋ.

ಜಾಯ್‌ಸ್ಟಿಕ್‌ನ ನಾನು ವರ್ಷಗಟ್ಲೆ ಬಳಸಿದೀನಿ, ಹೆಬ್ಬೆರಳೊಂದ್ರಲ್ಲೇ ಎಲ್ಲಾ ಮುಗಿಯತ್ತೆ, ಕೋರ್ಗ್‌ದ್ರಲ್ಲಿ ಕೆಳಗಡೆ ಎಳೆದ್ರೆ ಮೂರನೇದೊಂದು ಕಂಟ್ರೋಲ್ ಕೂಡ ಸಿಗತ್ತೆ, ಅದು ನಿಜವಾಗ್ಲೂ ಚೆನ್ನಾಗಿದೆ. ಆದ್ರೆ ಕೈ ಬಿಟ್ಟ ತಕ್ಷಣ ಎಲ್ಲಾ ನಡುವಿಗೆ ವಾಪಸ್. ಪಿಚ್‌ಗೆ ಅದು ಸರಿ, ಮಾಡ್ಯುಲೇಷನ್‌ಗೆ ಸರಿ ಹೋಗಲ್ಲ. ಪ್ಯಾಡ್ (ಉದ್ದಕ್ಕೆ ಎಳೆಯೋ ಮೆದು ಸೌಂಡು) ಒಂದನ್ನ ಹಿಡಿದು, ಸದ್ದಿನ ಹೊಳಪು ಬದಲಿಸೋ ಫಿಲ್ಟರ್‌ನ ನಿಧಾನಕ್ಕೆ ತೆರೆದು, ಅರ್ಧಕ್ಕೆ ನಿಲ್ಲಿಸಿ, ಅದೇ ಎಡಗೈನ ಕೀಗಳ ಮೇಲೆ ತಂದು ಕೆಳಗಿನ ಸ್ವರ ಸೇರಿಸ್ಬೇಕು ಅಂದ್ರೆ ಇಟ್ಟ ಜಾಗದಲ್ಲೇ ನಿಲ್ಲೋ ವೀಲ್ ಬೇಕೇ ಬೇಕು. ಇನ್ನೊಂದು ತೊಂದ್ರೆ, ಪಿಚ್ ಬಾಗಿಸೋ ಭರದಲ್ಲಿ ಸ್ಟಿಕ್ ಸ್ವಲ್ಪ ಮೇಲಕ್ಕೆ ಹೋದ್ರೂ ಕೇಳದೇ ಇದ್ದ ವೈಬ್ರೇಟೋ ಬಂದು ಸೇರ್ಕೊಳ್ಳತ್ತೆ.

ಇನ್ನು ಪಿಚ್ ಕಥೆ ಬೇರೆ. ಸ್ಪ್ರಿಂಗ್ ಇರೋ ಎಷ್ಟೋ ವೀಲ್‌ಗಳಲ್ಲಿ ನಡುವೆ ಒಂಚೂರು ಸತ್ತ ಜಾಗ ಇರತ್ತೆ, ಅಲ್ಲಿ ಎಷ್ಟು ಅಲ್ಲಾಡಿಸಿದ್ರೂ ಸ್ವರ ಕದಲಲ್ಲ. ಮುಟ್ಟದೇ ಇದ್ದಾಗ ಶ್ರುತಿ ತಪ್ಪದಿರ್ಲಿ ಅಂತ ಅದು, ಒಪ್ಕೋತೀನಿ, ಆದ್ರೆ ಕೈಯಲ್ಲೇ ವೈಬ್ರೇಟೋ ಕೊಡೋರಿಗೆ ಅಲ್ಲೇ ಎಡವೋದು, ಮೇಲಕ್ಕೂ ಕೆಳಕ್ಕೂ ಹೋಗೋವಾಗ ಮಧ್ಯ ಒಂದು ಸಣ್ಣ ತಡೆ ಕಿವಿಗೆ ಬೀಳತ್ತೆ. ನಾರ್ಡ್ ಲೀಡ್ ಅನ್ನೋ ಸಿಂತ್‌ನ ಮರದ ಪಿಚ್ ಸ್ಟಿಕ್‌ನಲ್ಲಿ ಆ ಸತ್ತ ಜಾಗ ಇಲ್ಲ, ಬೆರಳು ಸ್ವಲ್ಪ ಅಲುಗಿದ್ರೂ ಸ್ವರ ಅಲುಗತ್ತೆ, ಗಿಟಾರ್ ತಂತಿ ಮೇಲೆ ಬೆರಳು ಆಡಿಸಿದ ಹಾಗೆ. ಮೊದಲ ಸಲ ಮುಟ್ಟಿದಾಗ ಅರ್ಧ ಗಂಟೆ ಒಂದೇ ಸ್ವರ ಹಿಡ್ಕೊಂಡು ಕೂತಿದ್ದೆ.

ಅದಕ್ಕೇ ನನ್ನ ಆಯ್ಕೆ, ಪಿಚ್‌ಗೆ ಆ ಥರದ ಸ್ಟಿಕ್, ಮಾಡ್ಯುಲೇಷನ್‌ಗೆ ವೀಲ್. ಬೆಂಡ್ ರೇಂಜ್, ಅಂದ್ರೆ ಪಿಚ್ ಎಷ್ಟು ದೂರ ಬಾಗಬಹುದು ಅನ್ನೋದನ್ನ, 2 ಸೆಮಿಟೋನ್‌ಗಿಂತ (ಪಕ್ಕಪಕ್ಕದ ಎರಡು ಕೀ ನಡುವಿನ ಅಂತರ ಒಂದು ಸೆಮಿಟೋನ್) ಜಾಸ್ತಿ ಇಡಲ್ಲ. ವಾದ್ಯಗಳು ಒಂದಕ್ಕೊಂದು ಸಂದೇಶ ಕಳಿಸೋ ಮಿಡಿ ಪದ್ಧತಿಯಲ್ಲಿ ಪಿಚ್ ಬೆಂಡ್‌ಗೆ 16384 ಹಂತ ಇದೆ, ಸಾಮಾನ್ಯ ಮಾಡ್ ವೀಲ್‌ಗೆ ಬರೀ 128, ಹಾಗಾಗಿ ಹಂತ ಕಮ್ಮಿ ಅನ್ನೋದು ಪಿಚ್‌ನಲ್ಲಿ ಸಮಸ್ಯೆ ಅಲ್ಲ, ರೇಂಜ್ ಜಾಸ್ತಿ ಆದಷ್ಟೂ ಬೆರಳಿಗೆ ಸರಿಯಾದ ಸ್ವರ ಸಿಗೋದು ಕಷ್ಟ ಆಗತ್ತೆ. ರೇಂಜ್ ಎರಡೇ ಸೆಮಿಟೋನ್ ಇದ್ರೆ ಪೂರ್ತಿ ಕೆಳಗೆ ಎಳೆದು ಕೀ ಒತ್ತಿ ಮೆಲ್ಲಗೆ ಬಿಟ್ರೆ ಸ್ವರ ತಾನಾಗೇ ಜಾರಿ ಬಂದು ಸರಿಯಾಗಿ ಕೂರತ್ತೆ.

ಜಾಗ ಉಳಿಸೋಕೆ ಅಂತ ವೀಲ್‌ಗಳನ್ನ ಕೀಗಳ ಮೇಲ್ಗಡೆ ಇಟ್ಟಿರೋ ಚಿಕ್ಕ ಕೀಬೋರ್ಡ್‌ಗಳು ಮಾತ್ರ ನಂಗೆ ಬೇಡವೇ ಬೇಡ. ಹತ್ತು ನಿಮಿಷ ನುಡಿಸಿದ್ರೆ ಮಣಿಕಟ್ಟು ನೋಯತ್ತೆ.