ಸ್ಲೇಟಿನ ಮೂಲೆ

ಸಂಜೆ ಮಗಳು ಸ್ಲೇಟಿನ ಮೇಲೆ ದೊಡ್ಡದೊಂದು ಗುಣಾಕಾರ ಹಾಕಿಕೊಂಡಿದ್ದಳು. ಮೂಲೆಯಲ್ಲಿ ಚೂರೇ ಚೂರು ಜಾಗ ಉಳಿದಿತ್ತು.

ಕೈಯಲ್ಲಿ ಉಳಿದ ಅಂಕಿಯನ್ನು ಅಲ್ಲಿ ಬರೆಯುವುದು, ಕೂಡಿಸುವುದು, ಒದ್ದೆ ಬೆರಳಿನಿಂದ ಒರೆಸುವುದು. ಮತ್ತೆ ಅಲ್ಲೇ ಬರೆಯುವುದು.

ಆ ಬೆರಳನ್ನೇ ನೋಡುತ್ತಾ ಕುಳಿತುಬಿಟ್ಟೆ.

ಹೋದ ಹೊತ್ತು ಹೋಯಿತು. ಜಾಗ ಹಾಗಲ್ಲ, ಒರೆಸಿದರೆ ಮತ್ತೆ ಸಿಗುತ್ತದೆ. ಹಾಗಾದರೆ ಒಂದು ಲೆಕ್ಕಕ್ಕೆ ನಿಜವಾಗಿ ಎಷ್ಟು ಜಾಗ ಬೇಕು?

ಕಂಪ್ಯೂಟರಿಗೆ ಈ ಜಾಗವೇ ಮೆಮೊರಿ. 1975ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಹಾಪ್‌ಕ್ರಾಫ್ಟ್, ಪಾಲ್ ಮತ್ತು ವ್ಯಾಲಿಯಂಟ್, ಒಂದು ಲೆಕ್ಕ ಹಿಡಿಯುವ ಹೆಜ್ಜೆಗಳ ಸಂಖ್ಯೆಗಿಂತ ತುಸುವೇ ಕಡಿಮೆ ಮೆಮೊರಿ ಸಾಕೆಂದು ತೋರಿಸಿದರು. ಆಮೇಲೆ ಐವತ್ತು ವರ್ಷ ಅಲ್ಲೇ ನಿಂತಿತ್ತು. 2025ರಲ್ಲಿ ರಯಾನ್ ವಿಲಿಯಮ್ಸ್ ಅದನ್ನು ಹೆಚ್ಚುಕಡಿಮೆ ವರ್ಗಮೂಲಕ್ಕೆ ಇಳಿಸಿದರು. ಹತ್ತು ಲಕ್ಷದ ವರ್ಗಮೂಲ ಬರೀ ಒಂದು ಸಾವಿರ! ಬೆಲೆಯೂ ಇದೆ: ಹೊತ್ತು ವಿಪರೀತ ಹಿಡಿಯುತ್ತದೆ.

ನನ್ನನ್ನು ಕಾಡುವುದು ಅದರ ಹಿಂದಿರುವ ಉಪಾಯ. ಮೊದಲೇ ಇದ್ದ ಅದನ್ನು ಇಲ್ಲಿಗೆ ಒದಗುವಂತೆ ಬೆಳೆಸಿದವರು ಜೇಮ್ಸ್ ಕುಕ್ ಮತ್ತು ಇಯಾನ್ ಮರ್ಟ್ಜ್. ಜಾಗದಲ್ಲಿ ಆಗಲೇ ಏನೋ ಬರೆದಿದೆ, ಅಳಿಸುವಂತಿಲ್ಲ. ಅಳಿಸಬೇಕಾಗಿಯೂ ಇಲ್ಲ. ಅದರ ಮೇಲೆಯೇ ನಮ್ಮ ಸಂಖ್ಯೆಯನ್ನು ಕೂಡಿಸಿ, ಕೆಲಸ ಮುಗಿದ ಮೇಲೆ ಕಳೆದುಬಿಡುವುದು. ಹಳೆಯದು ಇದ್ದಂತೆಯೇ ಇರುತ್ತದೆ. ತುಂಬಿದ ಸ್ಲೇಟಿನಲ್ಲೂ ಜಾಗವಿದೆ ಎಂದು ಯಾರಿಗೆ ಹೊಳೆದೀತು?

"ಅಪ್ಪಾ, ಉತ್ತರ ಸರಿಯಾ?" ಎಂದಳು.

ಸರಿಯಿತ್ತು. ಒರೆಸಲು ಕೈ ಎತ್ತಿದಳು.

ಇನ್ನು ಸ್ವಲ್ಪ ಹೊತ್ತು ಇರಲಿ ಪುಟ್ಟಿ, ಎಂದೆ.