ಸಲಾಡಿಗೆ ತೋತಾಪುರಿಯೇ ಬೇಕು

ಸೊಪ್ಪು ಹಣ್ಣು ಕಲಸಿ ಸಲಾಡ್ ಮಾಡಬೇಕು, ಯಾವ ಮಾವು ತರಲಿ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಒಂದೇ, ತೋತಾಪುರಿ. ಬಾದಾಮಿ ಬೇಡ, ರಸಪುರಿ ಬೇಡ, ಮಲ್ಲಿಕಾನೂ ಬೇಡ. ಅವೆಲ್ಲ ಕೈಯಲ್ಲಿ ಹಿಡಿದು, ಮೊಣಕೈವರೆಗೆ ರಸ ಸುರಿಸಿಕೊಂಡು ತಿನ್ನುವ ಹಣ್ಣು. ಸೊಪ್ಪಿನ ಜೊತೆ ಹಾಕಿ ಎರಡು ಸಲ ತಿರುವಿದರೆ ಸಾಕು, ಕರಗಿ ಎಲೆಗೆಲ್ಲ ಮೆತ್ತಿಕೊಳ್ಳುತ್ತವೆ. ತೋತಾಪುರಿಯದು ಗಟ್ಟಿ ತಿರುಳು. ಸಿಹಿ ಹದವಾಗಿರುತ್ತದೆ, ಹಿಂದೆಯೇ ಒಂದು ಹುಳಿ ಬರುತ್ತದೆ. ಕತ್ತರಿಸಿದ ಹೋಳು ತಟ್ಟೆ ಖಾಲಿಯಾಗುವವರೆಗೂ ಹೋಳಾಗಿಯೇ ಇರುತ್ತದೆ.

ನಮ್ಮ ಕೋಲಾರದಲ್ಲೇ ಈ ಮಾವಿಗೆ ಮರ್ಯಾದೆ ಕಡಿಮೆ ಅನ್ನೋದು ನನ್ನ ಬೇಜಾರು. ಶ್ರೀನಿವಾಸಪುರದ ಸುತ್ತ ಎತ್ತ ನೋಡಿದರೂ ಮಾವಿನ ತೋಪು, ಅದರಲ್ಲಿ ತೋತಾಪುರಿ ಬೇಕಾದಷ್ಟಿದೆ, ಆದರೆ ಅದು ಮನೆಗೆ ಬರುವುದಕ್ಕಿಂತ ಜಾಸ್ತಿ ಲಾರಿ ಹತ್ತಿ ಪಲ್ಪ್ ಫ್ಯಾಕ್ಟರಿಗೆ ಹೋಗುತ್ತದೆ. 2025ರ ಜೂನ್‌ನಲ್ಲಿ ಪಕ್ಕದ ಚಿತ್ತೂರು ಜಿಲ್ಲೆಯವರು ಕರ್ನಾಟಕದ ತೋತಾಪುರಿ ಒಳಗೆ ಬರಬಾರದು ಅಂತ ತಡೆ ಹಾಕಿದರಲ್ಲ, ಆಗ ಬೆಲೆ ಇಲ್ಲದೆ ರೈತರು ಪಟ್ಟ ಪಾಡು ಇಲ್ಲಿಯವರಿಗೆಲ್ಲ ನೆನಪಿರುತ್ತದೆ. ನಾವು ನಾಲ್ಕು ಜನ ಸಲಾಡ್ ತಿಂದರೆ ಮಂಡಿ ಬೆಲೆ ಏರುವುದಿಲ್ಲ, ನಿಜ. ಆದರೂ ಇಷ್ಟು ಒಳ್ಳೆಯ ಕಾಯಿ ಕಾಲಡಿಯಲ್ಲೇ ಬೆಳೆಯುವಾಗ, ಸಲಾಡ್ ಅಂದ ತಕ್ಷಣ ಎಲ್ಲಿಂದಲೋ ಬಂದ ಕಿವಿ ಹಣ್ಣು, ಮೇಣ ಹಚ್ಚಿದ ಸೇಬು ಹುಡುಕಿಕೊಂಡು ಹೋಗುವುದು ಯಾಕೆ?

ಬೇಕಿರುವುದು ಪೂರ್ತಿ ಹಣ್ಣಲ್ಲ, ದೋರಗಾಯಿ. ತಳ್ಳುಗಾಡಿಯವರ ಹತ್ತಿರ ತೋತಾಪುರಿ ಕೊಡಿ ಅಂದರೆ "ಉಪ್ಪು ಖಾರ ಹಾಕ್ಕೊಂಡು ತಿನ್ನೋಕಾ ಅಕ್ಕ?" ಅಂತಾರೆ. ಹೂಂ ಅನ್ನಿ. ಅವರು ಆರಿಸಿ ಕೊಡುವ ಹದವೇ ನಮಗೂ ಬೇಕಿರುವುದು. ಸಿಪ್ಪೆ ಇನ್ನೂ ಹಸಿರಿರುತ್ತದೆ, ತೊಟ್ಟಿನ ಕಡೆ ಹಳದಿ ತಿರುಗಿರುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಒಳಗೆ ಹೋಗುವುದಿಲ್ಲ. ಕೊಯ್ದು ನೋಡಿದರೆ ಓಟೆಯ ಹತ್ತಿರ ಅರಿಶಿನ ಬಣ್ಣ, ಸಿಪ್ಪೆಯ ಹತ್ತಿರ ಬಿಳಿಚು. ತೊಟ್ಟು ಮುರಿದ ಮೇಲೆ ಸೊನೆ ಬರುತ್ತದೆ, ಅದನ್ನು ನಿರ್ಲಕ್ಷ್ಯ ಮಾಡಬೇಡಿ. ತುಟಿಗೆ ತಾಗಿದರೆ ಉರಿ, ಕೆಲವರಿಗೆ ಗುಳ್ಳೆನೂ ಏಳುತ್ತದೆ. ತೊಟ್ಟು ಕೆಳಗೆ ಮಾಡಿ ಸ್ವಲ್ಪ ಹೊತ್ತು ಇಟ್ಟು, ಚೆನ್ನಾಗಿ ತೊಳೆದು, ಆಮೇಲೆ ಸಿಪ್ಪೆ ತೆಗೆಯಿರಿ.

ಇನ್ನು ಸೊಪ್ಪು. ಎಳೆ ಪಾಲಕ್, ಸಣ್ಣ ಎಲೆಯ ಮೆಂತ್ಯ ಒಂದು ಹಿಡಿ, ಪುದೀನ ನಾಲ್ಕು ಕಡ್ಡಿ. ಲೆಟ್ಯೂಸ್ ಸಿಕ್ಕರೆ ಸರಿ, ಸಿಗದಿದ್ದರೆ ಕೊರಗಬೇಡಿ. ಗೋಣಿ ಸೊಪ್ಪು ಸಿಕ್ಕರೆ ಮಾತ್ರ ಬಿಡಬೇಡಿ. ದಪ್ಪ ಎಲೆ, ಕಚ್ಚಿದರೆ ನೀರು, ಸಣ್ಣ ಹುಳಿ, ಹಸಿಯಾಗಿ ತಿನ್ನಲಿಕ್ಕೇ ಹೇಳಿ ಮಾಡಿಸಿದ ಸೊಪ್ಪು ಅದು. ದಂಟು, ಕಿರಕಸಾಲೆ ಇವೆಲ್ಲ ಬೆಂದರೇ ಚೆನ್ನ, ಬಸ್ಸಾರಿಗೆ ಇಟ್ಟುಕೊಳ್ಳಿ.

ಹಸಿ ತಿನ್ನುವ ಸೊಪ್ಪು ಅಂದಮೇಲೆ ತೊಳೆಯುವುದರಲ್ಲಿ ಸೋಮಾರಿತನ ಕೂಡದು. ನಮ್ಮ ಕಡೆಯ ಕೆಂಪು ಮಣ್ಣು ಪಾಲಕ್‌ನ ಬುಡದಲ್ಲಿ ಹೇಗೆ ಕೂತಿರುತ್ತದೆ ಅಂತ ನಿಮಗೇ ಗೊತ್ತು. ನಲ್ಲಿ ಕೆಳಗೆ ಹಿಡಿದರೆ ಅದು ಹೋಗುವುದಿಲ್ಲ. ದೊಡ್ಡ ಪಾತ್ರೆಯಲ್ಲಿ ನೀರು ತುಂಬಿ, ಸೊಪ್ಪು ಮುಳುಗಿಸಿ ಅಲ್ಲಾಡಿಸಿ, ಎರಡು ನಿಮಿಷ ಸುಮ್ನೆ ಬಿಡಿ. ಮಣ್ಣು ತಳಕ್ಕೆ ಕೂರುತ್ತದೆ. ಆಗ ಸೊಪ್ಪನ್ನು ಮೇಲಿಂದ ಎತ್ತಿಕೊಳ್ಳಬೇಕು, ನೀರಿನ ಸಮೇತ ಬಗ್ಗಿಸಿದರೆ ಕೂತ ಮಣ್ಣೆಲ್ಲ ಮತ್ತೆ ಸೊಪ್ಪಿನ ಮೇಲೆಯೇ. ನೀರು ತಿಳಿಯಾಗುವವರೆಗೂ ಹೀಗೇ ಮಾಡಿ. ಕೊನೆಯ ಸಲ ಫ್ರಿಜ್ಜಿನ ತಣ್ಣೀರು ಹಾಕಿ 10 ನಿಮಿಷ ಬಿಟ್ಟರೆ ಬಾಡಿದ ಎಲೆ ಕೂಡ ನೀರು ಹೀರಿ ನೆಟ್ಟಗಾಗುತ್ತದೆ.

ಆಮೇಲೆ ಒಣಗಿಸುವುದು. ಇದನ್ನು ಎಷ್ಟು ಒತ್ತಿ ಹೇಳಿದರೂ ನನಗೆ ಸಾಲದು. ಎಲೆ ಮೇಲೆ ನೀರಿದ್ದರೆ ಎಣ್ಣೆ ಅಂಟುವುದೇ ಇಲ್ಲ, ಜಾರಿ ತಳ ಸೇರುತ್ತದೆ, ಕೊನೆಗೆ ಮೇಲೆ ಸಪ್ಪೆ ಸೊಪ್ಪು, ಕೆಳಗೆ ಹುಳಿ ನೀರು. ಹಳೆಯ ಹತ್ತಿ ಪಂಚೆ ಇದ್ದರೆ ತೆಗೆದುಕೊಳ್ಳಿ, ಒಗೆದು ಒಗೆದು ಮೆತ್ತಗಾಗಿರುತ್ತಲ್ಲ, ಅಂಥದ್ದು. ಸೊಪ್ಪನ್ನು ಅದರಲ್ಲಿ ಸಡಿಲವಾಗಿ ಗಂಟು ಕಟ್ಟಿ, ಹೊರಗೆ ಅಂಗಳಕ್ಕೋ ಮಹಡಿಗೋ ಹೋಗಿ ಕೈ ಬೀಸಿ ಗಿರಗಿರ ತಿರುಗಿಸಿ. ಹನಿ ಸಿಡಿಯುವುದು ನಿಲ್ಲುವವರೆಗೂ ತಿರುಗಿಸಿ. ಬಿಚ್ಚಿ, ಪಂಚೆಯ ಒಣಗಿದ ಕಡೆ ಹರವಿ, ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಬಿಟ್ಟರೆ ಆಯಿತು.

ಡ್ರೆಸ್ಸಿಂಗ್ ಅಂದರೆ ಬಾಟ್ಲಿಯಲ್ಲಿ ಬರುವ ಬಿಳಿ ಗಟ್ಟಿ ಪದಾರ್ಥ ಅಂತಲೇ ಎಷ್ಟೋ ಜನ ಅಂದುಕೊಂಡಿದ್ದಾರೆ. ಎಣ್ಣೆ, ಹುಳಿ, ಉಪ್ಪು, ಮೂಲದಲ್ಲಿ ಇಷ್ಟೇ. 3 ಚಮಚ ಎಣ್ಣೆಗೆ 1 ಚಮಚ ಹುಳಿ ಅನ್ನೋದು ಹಳೆಯ ಲೆಕ್ಕ, ತೋತಾಪುರಿಗೂ ತನ್ನದೇ ಹುಳಿ ಇರುವುದರಿಂದ ಇಲ್ಲಿ ಅದೇ ಸರಿಹೋಗುತ್ತದೆ. ಎಣ್ಣೆ ಮಾತ್ರ ಗಾಣದ ಕಡ್ಲೆಕಾಯಿ ಎಣ್ಣೆಯೇ ಆಗಬೇಕು. ಬೇಯಿಸದೆ ತಿನ್ನುವಾಗ ಎಣ್ಣೆಯ ಘಮ ನೇರವಾಗಿ ಮೂಗಿಗೆ ಬರುತ್ತದೆ, ರಿಫೈಂಡ್ ಹಾಕಿದರೆ ಬರೀ ಜಿಡ್ಡು. ಕಡ್ಲೆಕಾಯಿ ಆಗದವರು ಎಳ್ಳೆಣ್ಣೆ ಹಾಕಿಕೊಳ್ಳಿ. ಎಣ್ಣೆ ಬಿಟ್ಟೇ ತಿನ್ನುತ್ತೇನೆ ಅನ್ನುವವರಿಗೆ ಒಂದು ಮಾತು. ಸೊಪ್ಪಿನಲ್ಲೂ ಮಾವಿನಲ್ಲೂ ಇರುವ ಕೆರೋಟಿನ್ ಮೈಗೆ ಹತ್ತಬೇಕಾದರೆ ಸ್ವಲ್ಪ ಜಿಡ್ಡು ಬೇಕೇ ಬೇಕು. ನಿಂಬೆರಸದ ಸಿ ವಿಟಮಿನ್ ಸೊಪ್ಪಿನ ಕಬ್ಬಿಣಾಂಶ ಹೀರಿಕೊಳ್ಳಲು ನೆರವಾಗುತ್ತದೆ.

ಅರ್ಧ ಚಮಚ ಸಾಸಿವೆಯನ್ನು ಕುಟ್ಟಾಣಿಯಲ್ಲಿ ನುಣ್ಣಗೆ ಕುಟ್ಟಿ, 1 ಚಮಚ ನೀರಲ್ಲಿ ಕಲಸಿ 10 ನಿಮಿಷ ಇಡಿ. ಸಾಸಿವೆಯ ಖಾರ ಹುಟ್ಟುವುದೇ ನೀರು ತಾಗಿದ ಮೇಲೆ, ಮೊದಲೇ ನಿಂಬೆ ಹಿಂಡಿಬಿಟ್ಟರೆ ಅದು ಏಳುವುದಿಲ್ಲ. ಮೂಗಿಗೆ ಚುರ್ ಅನ್ನುವಾಗ ನಿಂಬೆರಸ, ಉಪ್ಪು, ಕಡ್ಲೆಗಾತ್ರದ ಬೆಲ್ಲ ಹಾಕಿ ಕರಗಿಸಿ, ಎಣ್ಣೆ ಸುರಿದು, ಮುಚ್ಚಳ ಬಿಗಿ ಇರುವ ಬಾಟ್ಲಿಗೆ ಹಾಕಿ ಜೋರಾಗಿ ಕುಲುಕಿ. ಎಣ್ಣೆ ಒಂದು ಕಡೆ ರಸ ಒಂದು ಕಡೆ ಇದ್ದದ್ದು ಹೊಂದಿಕೊಂಡು ಗಟ್ಟಿಯಾಗುತ್ತದೆ, ಹಳದಿ ಮಬ್ಬು ಬಣ್ಣ ಬರುತ್ತದೆ. ಹಾಗೆ ಹಿಡಿದಿಡುವುದು ಸಾಸಿವೆಯಲ್ಲಿರುವ ಅಂಟು. ರುಚಿ ನೋಡಬೇಕಾದರೆ ಚಮಚದಲ್ಲಿ ನೆಕ್ಕಬೇಡಿ, ಒಂದು ಎಲೆ ಅದ್ದಿ ತಿನ್ನಿ. ಬರೀ ಡ್ರೆಸ್ಸಿಂಗ್ ಯಾವಾಗಲೂ ಜಾಸ್ತಿ ಹುಳಿ ಅನಿಸುತ್ತದೆ.

ಕಲಸುವುದು ಎಲ್ಲರೂ ಊಟಕ್ಕೆ ಕೂತ ಮೇಲೆ. ಉಪ್ಪು ಎಲೆಯ ನೀರನ್ನು ಹೊರಗೆ ಎಳೆಯುತ್ತದೆ, ಎಣ್ಣೆ ಎಲೆಯ ಮೇಲಿನ ಮೇಣದ ಪದರ ದಾಟಿ ಒಳಗಿಳಿದು ಬಾಡಿಸುತ್ತದೆ. ಅರ್ಧ ಗಂಟೆ ಮೊದಲೇ ಕಲಸಿಟ್ಟರೆ ಅದು ಸಲಾಡ್ ಅಲ್ಲ. ಅಗಲ ಬೇಸಿನ್ನಿನಲ್ಲಿ ಸೊಪ್ಪು ಹಾಕಿ, ಸ್ವಲ್ಪವೇ ಡ್ರೆಸ್ಸಿಂಗ್ ಹಾಕಿ ಕೈಯಲ್ಲೇ ಹಗುರವಾಗಿ ಮೇಲೆ ಕೆಳಗೆ ಮಾಡಿ. ಎಲೆ ಹೊಳೆಯಬೇಕು, ತಳದಲ್ಲಿ ನಿಲ್ಲಬಾರದು. ಮೇಲೆ ಮಾವಿನ ಹೋಳು, ಹುರಿದು ತರಿತರಿ ಕುಟ್ಟಿದ ಕಡ್ಲೆಬೀಜ, ಒಂದು ಚಿಟಿಕೆ ಮೆಣಸಿನಪುಡಿ, ಅಂದರೆ ಕರಿಮೆಣಸು.

ಮಾವು ಮುಗಿದ ಮೇಲೆ ಸೀಬೆಕಾಯಿ ಇದೆ, ದಾಳಿಂಬೆ ಇದೆ, ಚಿಕ್ಕಬಳ್ಳಾಪುರದ ಕಡೆಯ ದಿಲ್‌ಖುಷ್ ದ್ರಾಕ್ಷಿ ಇದೆ. ದ್ರಾಕ್ಷಿಯನ್ನು ಸೀಳಿ ಬೀಜ ತೆಗೆದು ಹಾಕಿ. ಪರಂಗಿಯೂ ಆಗುತ್ತದೆ, ಅನಾನಸೂ ಆಗುತ್ತದೆ. ಆದರೆ ಅವೆರಡರ ಜೊತೆ ಮೊಸರಿನ ಡ್ರೆಸ್ಸಿಂಗ್ ಬೇಡ, ಆ ಹಸಿ ಹಣ್ಣಿನ ಕಿಣ್ವಗಳು ಹಾಲಿನ ಪ್ರೋಟೀನನ್ನು ಒಡೆದು ಕಹಿ ಮಾಡುತ್ತವೆ.

ಡ್ರೆಸ್ಸಿಂಗ್ ಉಳಿದರೆ ಫ್ರಿಜ್ಜಿನಲ್ಲಿಟ್ಟು ಮಾರನೇ ದಿನವೇ ಮುಗಿಸಿ, ಆಮೇಲೆ ನಿಂಬೆಯ ತಾಜಾ ವಾಸನೆ ಹೋಗುತ್ತದೆ. ಬೇಯಿಸಿದ ಹಸಿ ಕಡ್ಲೆಕಾಯಿ ಬೀಜಕ್ಕೆ ಈರುಳ್ಳಿ, ಸೌತೆಕಾಯಿ ಹೆಚ್ಚಿ ಹಾಕಿ ಇದನ್ನೇ ಸುರಿದರೆ ಸಂಜೆ ಹೊತ್ತಿಗೆ ಬೇರೆ ತಿಂಡಿ ಬೇಡ.